ಎಸ್ಸೆಯಲ್ಲಿ ಮನೆ ಮಾಡುವ ಮುನ್ನ

ಫ್ರಾನ್ಸಿನ ರೆನ್ ನಗರದಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಕಡಿಮೆಯೆಂದು ಎಸ್ಸೆ ಹಳ್ಳಿಯಲ್ಲಿ ಮನೆ ನೋಡಿದ್ದೇವೆ, ಅಲ್ಲಿ ಸಂಸಾರ ಮಾಡಬಹುದೇ, ಆ ಹಳೇ ಕಲ್ಲುಗಳು ನೋಡುವಂಥವೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಆದರೆ ಕಾರು ಇರಲೇಬೇಕು. ರೆನ್‌ಗೆ ರೈಲು ಹಿಡಿಯಲೂ ಜಾನ್ಜೆ, ರೆತಿಯೇಯಂಥ ಸುತ್ತಲ ಊರಿಗೆ ಹೋಗಬೇಕು. ನಮ್ಮ ಭಾರತದ ಲೈಸೆನ್ಸ್ ನಡೆಯುವುದು ನೆಲೆ ನಿಂತ ಮೊದಲ ವರ್ಷ ಮಾತ್ರ, ಅದೂ ಅಧಿಕೃತ ಫ್ರೆಂಚ್ ಅನುವಾದದ ಜೊತೆ. ಫ್ರೆಂಚ್ ಲೈಸೆನ್ಸಿಗಾಗಿ ಬಂದ ತಿಂಗಳಲ್ಲೇ ಡ್ರೈವಿಂಗ್ ಸ್ಕೂಲ್ ಸೇರಿಬಿಡಿ.

ಹಳೇ ಮನೆಯಾದರೆ ಚಳಿಗಾಲಕ್ಕೆ ಸೌದೆ ಒಲೆ ಇದ್ದೀತು. ಸೌದೆಯನ್ನು ಅಲ್ಲಿ ‘ಸ್ತೇರ್’ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಮೀಟರ್ ಉದ್ದದ ತುಂಡುಗಳಾದರೆ ಒಂದು ಸ್ತೇರ್ ಅಂದರೆ ಒಂದು ಘನಮೀಟರ್ ರಾಶಿ. ಅದನ್ನೇ 50 ಸೆಂಟಿಮೀಟರ್‌ಗೆ ಕಡಿದರೆ ರಾಶಿ ಸುಮಾರು 0.8ಕ್ಕೆ, 33ಕ್ಕೆ ಕಡಿದರೆ 0.7ಕ್ಕೆ ಇಳಿಯುತ್ತದೆ. ತುಂಡು ಚಿಕ್ಕದಾದಷ್ಟೂ ಸಂದು ಕಡಿಮೆ, ಅಷ್ಟೇ. ಮೋಸವಾಯಿತೆಂದು ಜಗಳಕ್ಕೆ ಹೋಗಬೇಡಿ. ನೋಡಬೇಕಾದ್ದು ತೇವ: ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ಉರಿಸಿದರೆ ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟಿ, ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಪ್ರತಿವರ್ಷ ಚಿಮಣಿ ಗುಡಿಸಿಸಿ ರಸೀದಿ ಇಟ್ಟುಕೊಳ್ಳಿ, ಅನಾಹುತವಾದರೆ ವಿಮೆಯವರು ಮೊದಲು ಕೇಳುವುದೇ ಅದನ್ನು. ಸೆಪ್ಟಿಕ್ ಟ್ಯಾಂಕ್ ಇದ್ದರೆ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

ಇನ್ನು ಕಲ್ಲುಗಳು. ‘ರೋಶ್ ಓ ಫೆ’, ಅಂದರೆ ಯಕ್ಷಿಣಿಯರ ಬಂಡೆ, ಊರಿನ ಪಕ್ಕದಲ್ಲೇ ಇದೆ. ಇತಿಹಾಸಪೂರ್ವ ಕಾಲದ, ಸುಮಾರು 20 ಮೀಟರ್ ಉದ್ದದ ಕಲ್ಲಿನ ಓಣಿ. 40ಕ್ಕೂ ಹೆಚ್ಚು ನೇರಳೆ ಛಾಯೆಯ ಪದರುಗಲ್ಲುಗಳು, ಕೆಲವು 40 ಟನ್ ಮೀರಿದವು, ನಾಲ್ಕು ಕಿಲೋಮೀಟರ್ ದೂರದಿಂದ ಎಳೆದು ತಂದವು. ಎರಡು ಕಂಬಗಲ್ಲುಗಳ ಮೇಲೆ ಕೂತ ತೊಲೆಗಲ್ಲಿನ ಕೆಳಗೆ ಬಗ್ಗಿ ತಗ್ಗಿನ ಮೊಗಸಾಲೆ ದಾಟಿದರೆ, ತಲೆಯೆತ್ತಿ ನಿಲ್ಲುವಷ್ಟು ಎತ್ತರದ ದೊಡ್ಡ ಕೋಣೆ. ಒಂದು ಗೋಡೆಯಿಂದ ಚಾಚಿದ ಮೂರು ಅಡ್ಡಗಲ್ಲುಗಳು ಅದನ್ನು ನಾಲ್ಕು ಅಂಕಣ ಮಾಡಿವೆ. ಗಾರೆಯಿಲ್ಲ, ಭಾರವೇ ಎಲ್ಲವನ್ನೂ ಹಿಡಿದಿದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಮೋರ್ಯರ ಮನೆಗಳೆಂಬ ಕಲ್ಲುಚಪ್ಪಡಿಯ ಹಳೇ ಗೋರಿಗಳನ್ನು ಕಂಡವರಿಗೆ ಈ ಕಟ್ಟೋಣ ತಕ್ಷಣ ಅರ್ಥವಾಗುತ್ತದೆ. ಎರಡಕ್ಕೂ ನಂಟಿಲ್ಲ, ಎಸ್ಸೆಯದು ಹಿರೇಬೆಣಕಲ್ಲಿಗಿಂತ ಸಾವಿರಾರು ವರ್ಷ ಹಿಂದಿನದು. ಆದರೂ ಅಲ್ಲಿ ಯಕ್ಷಿಣಿಯರು, ನಮ್ಮಲ್ಲಿ ಕುಳ್ಳ ಮೋರ್ಯರು ಕಟ್ಟಿದರೆಂದು ಎರಡು ಕಡೆಯ ಜನರೂ ಹೇಳುತ್ತಾರೆ.

ಎಸ್ಸೆಯ ಕಲ್ಲೋಣಿಯ ಬಾಗಿಲು ಚಳಿಗಾಲದ ಸಂಕ್ರಮಣದ ಸೂರ್ಯೋದಯದ ದಿಕ್ಕಿಗಿದೆ. ಡಿಸೆಂಬರ್ 21ರ ಆಸುಪಾಸು ಹೊತ್ತು ಹುಟ್ಟುವುದೇ ಒಂಬತ್ತರ ಸುಮಾರಿಗೆ, ಅರ್ಧ ಗಂಟೆ ಮುಂಚೆ ಹೋಗಿ ಹಿಂದಿನ ಗೋಡೆಯ ಬಳಿ ನಿಲ್ಲಿ. ಮೋಡ ಹೆಚ್ಚು, ಎರಡು ಮೂರು ದಿನ ಬಿಡುವಿಟ್ಟುಕೊಳ್ಳಿ. ಕೆಸರಿಗೆ ರಬ್ಬರ್ ಬೂಟು ಬೇಕು. ಮಕ್ಕಳು ಚಾವಣಿಗಲ್ಲು ಹತ್ತದಂತೆ ನೋಡಿಕೊಳ್ಳಿ.