ಪ್ಲಂಬರ್ ಹತ್ತಿರ ಕೆಲಸ ಕಲಿಯಲು ಸೇರುವುದು ಹೇಗಿರುತ್ತದೆ?

ಪ್ಲಂಬರ್ ಹತ್ತಿರ ಕೆಲಸ ಕಲಿಯಲು ಸೇರಿದರೆ ಶುರುವಿನಲ್ಲಿ ಸುಮ್ನೆ ಸಾಮಾನು ಹೊರಿಸುತ್ತಾರಾ ಅಂತ ಕೇಳಿದ್ದೀರಿ. ಹೌದು, ಹೊರುವುದೇ ಜಾಸ್ತಿ. ಗೋಡೆ ಕೊರೆಯುವುದು, ಕಸ ಗುಡಿಸುವುದೂ ಇರುತ್ತದೆ. ಬೇಜಾರಾಗುತ್ತದೆ, ಆದರೆ ಪೈಪ್ ಜೋಡಿಸುವ ಎಲ್ಬೋ, ಟೀ, ಯೂನಿಯನ್ ಅನ್ನುವ ತುಂಡುಗಳಲ್ಲಿ ಯಾವುದು ಎಲ್ಲಿಗೆ ಅಂತ ತಿಳಿಯುವುದು ಆಗಲೇ.

ಆಮೇಲೆ ಜಾಯಿಂಟ್. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪನ್ನು ನೇರವಾಗಿ ಕತ್ತರಿಸಿ, ಅಂಚು ಕೆರೆದು, ಸಾಲ್ವೆಂಟ್ ಅಂಟು ಹಚ್ಚಿ, ಫಿಟ್ಟಿಂಗಿಗೆ ತೂರಿಸಿ ಕಾಲು ಸುತ್ತು ತಿರುಗಿಸಿ ಒತ್ತಿ ಹಿಡಿಯಬೇಕು. ತಕ್ಷಣ ಕೈ ಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತದೆ. ನೀರು ಸೋರದಂತೆ ಥ್ರೆಡ್ಡಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಫಿಟ್ಟಿಂಗ್ ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ನನ್ನ ಪ್ರಕಾರ ನಿಜವಾದ ವಿದ್ಯೆ ಇರುವುದು ಡ್ರೈನ್ ಲೈನಿನಲ್ಲಿ. ಸಣ್ಣ ಪೈಪಿಗೆ ಒಂದು ಅಡಿಗೆ ಕಾಲು ಇಂಚು ಇಳಿಜಾರು ಕೊಡುವುದು ರೂಢಿ. ಇಳಿಜಾರು ಸಾಲದಿದ್ದರೆ ಕೊಳೆ ನಿಲ್ಲುತ್ತದೆ. ಟ್ರ್ಯಾಪಿನಲ್ಲಿ, ಅಂದರೆ ಪೈಪಿನ ಬಾಗಿದ ಭಾಗದಲ್ಲಿ, ನಿಂತ ನೀರೇ ಕೆಟ್ಟ ವಾಸನೆ ತಡೆಯುವುದು. ಗಾಳಿ ಆಡಲು ಸರಿಯಾದ ವೆಂಟ್ ಪೈಪ್ ಇಲ್ಲದಿದ್ದರೆ ಆ ನೀರನ್ನು ಪೈಪೇ ಎಳೆದುಕೊಂಡುಬಿಡಬಹುದು. ಇದನ್ನು ನೋಡಿಯೇ ಕಲಿಯಬೇಕು.

ಗಲೀಜು ಬೇಗ ಅಭ್ಯಾಸವಾಗುತ್ತದೆ. ಮಂಡಿ ನೋವು ಮಾತ್ರ ಅಭ್ಯಾಸವಾಗುವುದಿಲ್ಲ, ಪ್ಯಾಡ್ ಕಟ್ಟಿಕೊಳ್ಳಿ. ಸೇರುವ ಮುಂಚೆ ಪ್ಲಂಬರ್ ಹತ್ತಿರ ಒಂದು ಮಾತು ಕೇಳಿ: ಪೈಪ್ ಸೋರುತ್ತದಾ ಅಂತ ನೋಡುವ ಪ್ರೆಶರ್ ಟೆಸ್ಟ್ ಮಾಡುವಾಗ ನನ್ನನ್ನೂ ಜೊತೆಗೆ ಇಟ್ಟುಕೊಳ್ಳುತ್ತೀರಾ ಅಂತ.