ದುರಾಸೆಯ ವಾರಿಯೊ ಅಂದ್ರೆ ಗೇಮ್ ಆಡೋರಿಗೆ ಯಾಕಷ್ಟು ಇಷ್ಟ?

"ಕಳ್ಳ, ಜಿಪುಣ, ಒರಟ. ಇಂಥವನನ್ನ ಹೀರೊ ಅಂತ ಹೇಗೆ ಒಪ್ಕೊಳ್ತೀರಿ?" ಅಂತ ಕೇಳಿದೀರಿ. ನಾನೇನೂ ಒಪ್ಕೊಂಡಿಲ್ಲ ಸ್ವಾಮಿ. ಆಡ್ತಾ ಆಡ್ತಾ ನಾನೇ ಅವನ ಥರ ಆಗಿಬಿಟ್ಟೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಾರಿಯೊ ಮೊದಲು ಬಂದಿದ್ದು 1992ರಲ್ಲಿ, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಯಂತ್ರದ ಸೂಪರ್ ಮಾರಿಯೊ ಲ್ಯಾಂಡ್ 2 ಆಟದ ವಿಲನ್ ಆಗಿ. ಆ ಆಟದ ಹೀರೊ ಮಾರಿಯೊ ಊರಲ್ಲಿಲ್ಲದಾಗ ಅವನ ಕೋಟೆ ಒಳಗೆ ಹೋಗಿ ಕೂತವನು. ಜಪಾನಿ ಭಾಷೇಲಿ 'ವಾರುಯಿ' ಅಂದ್ರೆ ಕೆಟ್ಟದ್ದು, ಅದನ್ನ ಮಾರಿಯೊಗೆ ಅಂಟಿಸಿದ್ರೆ ವಾರಿಯೊ. ಟೋಪಿ ಮೇಲಿನ ಎಂ ಕೂಡ ತಲೆಕೆಳಗಾಗಿ ಡಬ್ಲ್ಯೂ ಆಗಿದೆ. ಅರ್ಧ ಮುಖಕ್ಕೆ ಮೂಗು, ಅಂಕುಡೊಂಕು ಮೀಸೆ, ಬೆಳ್ಳುಳ್ಳಿ ಅಂದ್ರೆ ಪ್ರಾಣ.

ನನಗೆ ಅವನು ಹಿಡಿಸಿದ್ದು 1994ರ ವಾರಿಯೊ ಲ್ಯಾಂಡ್‌ನಲ್ಲಿ. ಅಲ್ಲಿ ಅವನೇ ನಾಯಕ, ಆದ್ರೆ ಯಾರನ್ನೂ ಕಾಪಾಡೋಕೆ ಹೊರಟವನಲ್ಲ. ಕಡಲ್ಗಳ್ಳರು ರಾಜಕುಮಾರಿಯ ಚಿನ್ನದ ಪ್ರತಿಮೆ ಕದ್ದಿದಾರೆ. ಅದನ್ನ ಕಳ್ಳರಿಂದ ತಾನು ಹೊಡ್ಕೊಂಡು, ದುಡ್ಡು ಮಾಡಿ, ಮಾರಿಯೊನದ್ದಕ್ಕಿಂತ ದೊಡ್ಡ ಕೋಟೆ ಕಟ್ಟಿಸ್ಬೇಕು. ಇಷ್ಟೇ ಗುರಿ. ಇದಕ್ಕೆ ಧರ್ಮದ ಬಣ್ಣ ಬಳಿಯಲ್ಲ ನೋಡಿ, ಅದೇ ಖುಷಿ.

ಈ ಆಟದ ಜಾಣತನ ಕಥೇಲಿಲ್ಲ, ಲೆಕ್ಕದಲ್ಲಿದೆ. ಮಾರಿಯೊ ಆಟದಲ್ಲಿ ನಾಣ್ಯ ಬಿಟ್ಟು ಮುಂದೆ ಹೋದ್ರೂ ನಡೀತದೆ. ಇಲ್ಲಿ ಲೆವೆಲ್ ಮುಗಿಸೋ ಬಾಗಿಲಿಗೇ 10 ನಾಣ್ಯ ತೆರಬೇಕು. ಹೊರಗೆ ಬಂದ್ರೆ ಎರಡು ಬಕೆಟ್ ನೇತಾಡ್ತಿರುತ್ವೆ. ಒಂದರಲ್ಲಿ ದುಡ್ಡಿನ ಚೀಲ, ಇನ್ನೊಂದರಲ್ಲಿ ಭಾರದ ಗುಂಡು. ಸರಿಯಾದ್ದು ಎಳೆದ್ರೆ ಆ ಲೆವೆಲ್ ಸಂಪಾದನೆ ಎರಡರಷ್ಟು, ತಪ್ಪಿದ್ರೆ ಅರ್ಧ. ಸುಮ್ನೆ ತಗೊಂಡು ಹೊರಡಬಹುದು, ಯಾರೂ ತಡೆಯಲ್ಲ. ನಾನು ಒಂದು ಸಲವೂ ಸುಮ್ನೆ ಹೊರಟಿಲ್ಲ. ಒಂದು ಸಲ ಗೆದ್ದೆ, ಮತ್ತೆ ಎಳೆದೆ, ತಲೆ ಮೇಲೆ ಗುಂಡು. ಅವತ್ತು ಬೈದಿದ್ದು ವಾರಿಯೊಗೆ. ಎಳೆದಿದ್ದು ನನ್ನದೇ ಹೆಬ್ಬೆರಳು.

ಕೊನೇಲಿ ಅಷ್ಟು ಕಷ್ಟಪಟ್ಟು ಹಿಡಿದ ಪ್ರತಿಮೆಯನ್ನ ಮಾರಿಯೊ ಹೆಲಿಕಾಪ್ಟರ್‌ನಲ್ಲಿ ಬಂದು ಎತ್ಕೊಂಡು ಹೋಗ್ತಾನೆ! ಉಳಿಯೋದು ವರ ಕೊಡೋ ಮಾಯಾದೀಪದ ಭೂತ ಒಂದೇ. ಅದೂ ಪುಕ್ಕಟೆ ವರ ಕೊಡಲ್ಲ, ನೀವು ಕೂಡಿಟ್ಟ ದುಡ್ಡಿಗೆ ತಕ್ಕ ಮನೆ ಅಷ್ಟೇ. ಕಮ್ಮಿ ಇದ್ರೆ ಹಕ್ಕಿಗೂಡು. ಕೋಟೆ ಬೇಕಾದ್ರೆ ತುಂಬಾ ಕೂಡಿಡ್ಬೇಕು, ಅದಕ್ಕೂ ಮೇಲೆ ಹೋದ್ರೆ ಅವನದೇ ಮುಖದ ಒಂದು ಗ್ರಹ.

ಇನ್ನೊಂದು ಕಾರಣ, ಅವನು ಏಟು ತಿನ್ನೋ ರೀತಿ. 1998ರ ವಾರಿಯೊ ಲ್ಯಾಂಡ್ 2ರಲ್ಲಿ ಅವನಿಗೆ ಸಾವೇ ಇಲ್ಲ. ಬೆಂಕಿ ಹತ್ತಿದ್ರೆ ಓಡ್ತಾನೆ, ಚಪ್ಪಟೆಯಾದ್ರೆ ಗಾಳಿಯಲ್ಲಿ ತೇಲ್ತಾನೆ, ಶತ್ರು ಎಸೆದ ಕೇಕ್ ನುಂಗಿ ಊದ್ಕೊಂಡು ಅದೇ ಮೈಯಿಂದ ಕಲ್ಲು ಒಡೀತಾನೆ. ಏಟಿಗೆ ಹೋಗೋದು ಜೀವ ಅಲ್ಲ, ನಾಣ್ಯ. ಅವನಿಗೆ ಅದೇ ಹೆಚ್ಚು ನೋವು ಬಿಡಿ.

2003ರ ವಾರಿಯೊವೇರ್‌ನಲ್ಲಂತೂ ಗೇಮ್ ವ್ಯಾಪಾರದಲ್ಲಿ ಕಾಸಿದೆ ಅಂತ ಗೊತ್ತಾಗಿ ಕಂಪನಿ ತೆಗೀತಾನೆ, ಗೆಳೆಯರ ಕೈಲಿ ಆಟ ಮಾಡಿಸ್ತಾನೆ. ಒಂದೊಂದು ಆಟ ಕೆಲವೇ ಸೆಕೆಂಡು. ಮೂಗಿಗೆ ಬೆರಳು ಹಾಕೋದೂ ಒಂದು ಆಟ.

ಯಾವುದ್ರಿಂದ ಶುರು ಮಾಡ್ಲಿ ಅಂತಲೂ ಕೇಳಿದೀರಿ. 1994ರದ್ದೇ ಆಡಿ. ಯಾವ ಬಕೆಟ್ ಎಳೀಬೇಕು ಅಂತ ಮಾತ್ರ ನನ್ನ ಕೇಳ್ಬೇಡಿ, ಅದು ಬದಲಾಗ್ತಾ ಇರುತ್ತೆ.