‘ದ್ರೋಹ’ ಎಂದು ಬರೆಯುವ ಮೊದಲು

ಪ್ರಿಯರೇ,

ಟರ್ನ್‌ಸ್ಟೈಲ್, ಸ್ಕೌಲ್ ಮತ್ತು ಡ್ರೇನ್ ಎಂಬ ಮೂರು ಅಮೆರಿಕನ್ ಹಾರ್ಡ್‌ಕೋರ್ (ಪಂಕ್ ರಾಕ್‌ನ ಹೆಚ್ಚು ವೇಗದ, ಉಗ್ರ ರೂಪ) ತಂಡಗಳ ಆಲ್ಬಮ್‌ಗಳ ಕುರಿತು ನೀವು ಕಳಿಸಿದ ಲೇಖನವನ್ನು ಓದಿದೆ. ಪಂಕ್ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ವಿರಳ. ನಿಮ್ಮ ಭಾಷೆ ಶುದ್ಧವಾಗಿದೆ, ಸಂಗೀತದ ಮೇಲಿನ ಪ್ರೀತಿಯೂ ನಿಜವಾದದ್ದು. ಆದರೂ ಲೇಖನವನ್ನು ಈ ರೂಪದಲ್ಲಿ ಪ್ರಕಟಿಸಲಾರೆ. ಕಾರಣ ಎರಡೇ.

ಟರ್ನ್‌ಸ್ಟೈಲ್‌ನ ‘ನೆವರ್ ಎನಫ್’ (2025) ಬಗ್ಗೆ ನಿಮ್ಮ ಮೊದಲ ವಾಕ್ಯ ಹೀಗಿದೆ: “ಬಿರುಗಾಳಿಯಂತೆ ಅಪ್ಪಳಿಸುವ ಗಿಟಾರ್, ಸಿಡಿಲಿನಂಥ ಡ್ರಮ್ಸ್, ಎದೆ ನಡುಗಿಸುವ ಗಾಯನ.” ಇಲ್ಲಿ ತಂಡದ ಹೆಸರನ್ನು ಅಳಿಸಿ 1981ರ ಹಾರ್ಡ್‌ಕೋರ್ ತಂಡ ಮೈನರ್ ಥ್ರೆಟ್ ಎಂದು ಬರೆದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಕೊನೆಯ ಮಾತು ತಪ್ಪು ಕೂಡ. ಈ ಆಲ್ಬಮ್‌ನಲ್ಲಿ ಗಾಯಕ ಬ್ರೆಂಡನ್ ಯೇಟ್ಸ್ ಬಹುಪಾಲು ಎತ್ತರದ, ತೆಳುವಾದ, ಪ್ರತಿಧ್ವನಿ ಬೆರೆತ ದನಿಯಲ್ಲಿ ಹಾಡುತ್ತಾರೆ. ಅದು ಎದೆ ನಡುಗಿಸುವ ಗಾಯನವಲ್ಲ. ಇನ್ನು “ಸಿಡಿಲಿನಂಥ ಡ್ರಮ್ಸ್”. ಹಾರ್ಡ್‌ಕೋರ್‌ನ ವೇಗ ಹುಟ್ಟುವುದು ಬಾಸ್ ಡ್ರಮ್ ಮತ್ತು ಸ್ನೇರ್ ಡ್ರಮ್‌ಗಳ ಮೇಲೆ ಬಿಡುವಿಲ್ಲದೆ ಒಂದಾದ ಮೇಲೊಂದು ಬೀಳುವ ಪೆಟ್ಟಿನಿಂದ. ಆ ಓಟ ಒಮ್ಮೆಲೇ ಅರ್ಧ ವೇಗಕ್ಕೆ ಇಳಿಯುವ ಬ್ರೇಕ್‌ಡೌನ್‌ಗಾಗಿಯೇ ಸಭಾಂಗಣದ ಜನ ಕಾದಿರುತ್ತಾರೆ. ಯಾವ ಹಾಡಿನಲ್ಲಿ ಅದು ಇಳಿಯಿತು, ಎಲ್ಲಿ ಇಳಿಯುವುದೆಂದು ನಂಬಿಸಿ ಇಳಿಯಲಿಲ್ಲ, ಆಗ ನಿಮಗೆ ಏನಾಯಿತು? ಇದನ್ನು ಬಲ್ಲವರು ನೀವು, ಆದರೆ ಬರೆದಿಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳ ವರದಿ ಹೊಸಬರ ಪಾಲಿಗೆ ಬರುತ್ತಿತ್ತು. ವರದಿಯಲ್ಲಿ ‘ಮನಸೂರೆಗೊಂಡಿತು’, ‘ಮಂತ್ರಮುಗ್ಧಗೊಳಿಸಿತು’ ಎಂಬ ಮಾತು ಕಂಡರೆ ನಮ್ಮ ಸಂಪಾದಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾವ ಕೃತಿ? ಎಷ್ಟನೇ ಸಂಗತಿ?’ ಎಂದು ಬರೆದು ಮರಳಿಸುತ್ತಿದ್ದರು. ಮೃದಂಗದವರು ಎಲ್ಲಿ ನುಡಿಸಿದರು ಎಂಬುದಕ್ಕಿಂತ ಎಲ್ಲಿ ಕೈ ನಿಲ್ಲಿಸಿದರು ಎಂಬುದನ್ನೇ ಹೆಚ್ಚು ಕೆದಕಿ ಕೇಳುತ್ತಿದ್ದರು. ಹಾಗಾಗಿ ನಾವು ತಾಳ ಹಾಕುತ್ತಾ, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಕೂರುವುದನ್ನು ಕಲಿತೆವು. ಬಹಳ ವರ್ಷಗಳ ಮೇಲೆ ಬ್ಯಾಡ್ ಬ್ರೈನ್ಸ್ ಎಂಬ ಹಾರ್ಡ್‌ಕೋರ್ ತಂಡದ ಸಂಗೀತ ಕೈಗೆ ಸಿಕ್ಕಿದಾಗ, ಅದು ಬರೀ ಗದ್ದಲವಾಗಿ ಕೇಳಿಸದೆ ಸಂಗೀತವಾಗಿ ಕೇಳಿಸಿದ್ದು ಆ ಅಭ್ಯಾಸದಿಂದಲೇ. ನಿಮ್ಮ ಲೇಖನದಲ್ಲೂ ಅಂಥ ಕಿವಿಯಿಂದ ಬಂದ ಒಂದು ವಾಕ್ಯವಿದೆ. ಟರ್ನ್‌ಸ್ಟೈಲ್‌ನ ‘ಸನ್‌ಶವರ್’ ಹಾಡು ಓಡೋಡುತ್ತಿದ್ದದ್ದು ಕೊನೆಗೆ ಕೊಳಲಿನ ನಾದದಲ್ಲಿ ಕರಗಿಹೋದಾಗ, “ಬೇರೆ ಯಾವುದೋ ಹಾಡು ಶುರುವಾಯಿತೇನೋ ಎಂದು ಫೋನ್ ಎತ್ತಿ ನೋಡಿದೆ” ಎಂದು ಬರೆದಿದ್ದೀರಿ. ಈ ಒಂದು ವಾಕ್ಯಕ್ಕಾಗಿಯೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಎರಡನೆಯ ಕಾರಣ ನನ್ನನ್ನು ನಿಜವಾಗಿ ಕೆರಳಿಸಿದ್ದು. ಸ್ಕೌಲ್‌ನ ‘ಆರ್ ವಿ ಆಲ್ ಏಂಜಲ್ಸ್’ (2025) ಬಗ್ಗೆ ನಿಮ್ಮ ತೀರ್ಪು: “ಮಾಧುರ್ಯ ಬಂದಲ್ಲಿ ರೋಷ ಸಾಯುತ್ತದೆ, ಇದು ಹಾರ್ಡ್‌ಕೋರ್‌ಗೆ ಬಗೆದ ದ್ರೋಹ.” ಈ ಮಾತು ನಿಮ್ಮದಲ್ಲ, ಎಲ್ಲೋ ಕೇಳಿ ಎತ್ತಿಕೊಂಡದ್ದು ಎಂಬುದು ನನ್ನ ಗುಮಾನಿ. ಏಕೆಂದರೆ ಸ್ಕೌಲ್‌ನ ಮೊದಲ ಆಲ್ಬಮ್‌ನಲ್ಲೇ (2021), ಅಷ್ಟೆಲ್ಲ ಚೀರಾಟದ ನಡುವೆ ಗಾಯಕಿ ಕ್ಯಾಟ್ ಮಾಸ್ ತಿಳಿಯಾದ ದನಿಯಲ್ಲಿ ಹಾಡಿದ ಹಾಡೊಂದಿದೆ. ಹಿಂದಕ್ಕೆ ಹೋದರೆ ಬ್ಯಾಡ್ ಬ್ರೈನ್ಸ್ 1982ರ ಕ್ಯಾಸೆಟ್‌ನಲ್ಲಿ ಮಿಂಚಿನ ವೇಗದ ಹಾಡುಗಳ ನಡುವೆ ಜಮೈಕಾದ ನಿಧಾನ ಲಯದ ರೆಗ್ಗೆ ಇಟ್ಟಿತು. ಹಸ್ಕರ್ ಡೂ ತಂಡ 1984ರಲ್ಲಿ ಎರಡು ಎಲ್‌ಪಿಗಳ ‘ಝೆನ್ ಆರ್ಕೇಡ್’ ತಂದಾಗ ಅದರಲ್ಲಿ ಪಿಯಾನೊ ಇತ್ತು, ಕೊನೆಯಲ್ಲಿ ಸುಮಾರು 14 ನಿಮಿಷದ ವಾದ್ಯಸಂಗೀತವಿತ್ತು. ಮೈನರ್ ಥ್ರೆಟ್ ಮುಗಿದ ಮೇಲೆ ಅದರ ಸದಸ್ಯ ಬ್ರಯನ್ ಬೇಕರ್ ಕಟ್ಟಿದ ಡ್ಯಾಗ್ ನ್ಯಾಸ್ಟಿ ತಂಡ 1986ರಲ್ಲಿ ಮಾಧುರ್ಯ ತುಂಬಿದ ‘ಕ್ಯಾನ್ ಐ ಸೇ’ ಆಲ್ಬಮ್ ಹೊರತಂದಾಗ, ಅದನ್ನು ನಿರ್ಮಿಸಿದವರು ಮೈನರ್ ಥ್ರೆಟ್‌ನ ಗಾಯಕ ಇಯಾನ್ ಮೆಕೈ. ಪ್ರಕಟಿಸಿದ್ದು ಅವರದೇ ಧ್ವನಿಮುದ್ರಣ ಸಂಸ್ಥೆ ಡಿಸ್ಕಾರ್ಡ್. ಹಾರ್ಡ್‌ಕೋರ್‌ನ ವ್ರತನಿಷ್ಠೆಗೆ ಎಲ್ಲರೂ ಬೆರಳು ತೋರುವ ಆ ಮನೆಯಲ್ಲೇ ಮಾಧುರ್ಯಕ್ಕೆ ಜಾಗವಿತ್ತು. ಬ್ಯಾಡ್ ರಿಲಿಜನ್ ತಂಡದ ‘ಸಫರ್’ (1988) ಕೇಳಿ: 26 ನಿಮಿಷದಲ್ಲಿ 15 ಹಾಡುಗಳು, ವೇಗ ಎಲ್ಲೂ ಸಡಿಲುವುದಿಲ್ಲ, ಆದರೂ ಒಂದು ದನಿಯ ಮೇಲೆ ಇನ್ನೊಂದು ದನಿ ಶ್ರುತಿಗೂಡಿ ನಿಲ್ಲುತ್ತದೆ. ಅಲ್ಲಿ ಯಾವ ರೋಷ ಸತ್ತಿದೆ, ತೋರಿಸಿ.

ನಿಮ್ಮ ಅಸಮಾಧಾನ ಬೇರೆಯದಿದ್ದರೆ ಅದನ್ನು ನೇರವಾಗಿ ಬರೆಯಿರಿ. ಟರ್ನ್‌ಸ್ಟೈಲ್‌ನ ಆಲ್ಬಮ್‌ಗಳು 2018ರಿಂದ ದೈತ್ಯ ಸಂಗೀತ ಕಂಪನಿ ವಾರ್ನರ್ ಒಡೆತನದ ರೋಡ್‌ರನ್ನರ್ ಸಂಸ್ಥೆಯಿಂದ ಬರುತ್ತಿವೆ. ಮೆಕೈ ಅವರೇ ಮುಂದೆ ಫುಗಾಜಿ ತಂಡದೊಂದಿಗೆ ಐದು ಡಾಲರ್ ಟಿಕೆಟ್ಟಿಗೆ ಕಾರ್ಯಕ್ರಮ ಕೊಟ್ಟ ಪರಂಪರೆಯಲ್ಲಿ ಬೆಳೆದ ಅಭಿಮಾನಿಗೆ ಇದು ನೋವು ತರುವುದು ಸಹಜ, ಚರ್ಚೆಗೆ ಯೋಗ್ಯವೂ ಹೌದು. ಆದರೆ ಅದು ಹಣದ ಪ್ರಶ್ನೆ, ಒಡೆತನದ ಪ್ರಶ್ನೆ. ಅದರ ಸಿಟ್ಟನ್ನು ಗಾಯಕಿಯೊಬ್ಬಳ ಕಂಠದ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ.

ಡ್ರೇನ್‌ಗೆ ನೀವು ಕೊಟ್ಟಿರುವುದು ಮೂರೇ ಸಾಲು. ನನಗೆ ಬೇಕಾದ ಲೇಖನ ಅಲ್ಲಿದೆ. ‘ಲಿವಿಂಗ್ ಪ್ರೂಫ್’ನಲ್ಲಿ (2023) ಅವರು ಡಿಸೆಂಡೆಂಟ್ಸ್ ಎಂಬ ಪಂಕ್ ತಂಡದ 1985ರ ಒಂದು ಪ್ರೇಮಗೀತೆಯನ್ನು ಮತ್ತೆ ಹಾಡಿದ್ದಾರೆ, ನೀವು ಅದರ ಹೆಸರನ್ನೂ ಎತ್ತಿಲ್ಲ. ಮೂಲ ಹಾಡನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ. ಗಿಟಾರ್‌ನ ತೂಕ ಎಲ್ಲಿ ಹೆಚ್ಚಿತು, ಗಾಯಕನ ಕಂಠ ಏನಾಯಿತು, ನಿಮಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ಎರಡು ಪುಟ ಬರೆಯಿರಿ. ಟರ್ನ್‌ಸ್ಟೈಲ್ ಭಾಗದಲ್ಲಿ ಕೊಳಲಿನ ಪ್ಯಾರಾ ಇರಲಿ, ಮೊದಲ ಪ್ಯಾರಾ ತೆಗೆಯಿರಿ. ಸ್ಕೌಲ್ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.